ಗೇಸ್ಕೆಯ ಉಬ್ಬು ಅಕ್ಷರಗಳು

ನಮ್ಮ ಮಕ್ಕುಮ್‌ನಲ್ಲಿ ಹುಟ್ಟಲಿರುವ ಮಗುವಿನ ಹೆಸರು ಅದರ ಅಜ್ಜಿಗಿಂತ ಮೊದಲು ನಮ್ಮ ಪಕ್ಕದ ಮನೆಯ ಗೇಸ್ಕೆಗೆ ಗೊತ್ತಾಗುತ್ತದೆ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಬಾರದು ಎಂದು ಕೇಳಿ ಬೆಳೆದ ನಾನು ಮದುವೆಯಾಗಿ ಪರದೇಶದ ಈ ಕಡಲತಡಿಯ ಊರಿಗೆ ಬಂದ ಹೊಸದರಲ್ಲಿ ಈ ಜನರ ಆತುರ ಕಂಡು ಗಾಬರಿಯಾಗಿದ್ದೆ. ಇಲ್ಲಿ ಕುಲಾವಿಯ ಮಾತು ಹಾಗಿರಲಿ, ಮಗು ಹುಟ್ಟಿತೆಂದು ನೆಂಟರಿಷ್ಟರಿಗೆ ಕಳಿಸುವ ಕಾರ್ಡು ಕೂಡ ಹೆರಿಗೆಗೆ ಮೊದಲೇ ತಯಾರಾಗಿರುತ್ತದೆ. ಹೆಣ್ಣೋ ಗಂಡೋ ಇಲ್ಲಿ ಸ್ಕ್ಯಾನಿನಲ್ಲೇ ಹೇಳಿಬಿಡುತ್ತಾರೆ, ಹಾಗಾಗಿ ಚಿತ್ರ ಇರುತ್ತದೆ, ಹೆಸರು ಇರುತ್ತದೆ, ತಾರೀಖಿನ ಜಾಗ ಮಾತ್ರ ಖಾಲಿ. ಹೆಸರನ್ನು ಗಂಡ ಹೆಂಡತಿ ಇಬ್ಬರೇ ಬಚ್ಚಿಟ್ಟುಕೊಂಡಿರುತ್ತಾರೆ, ಹೆತ್ತ ತಾಯಿ ಕೇಳಿದರೂ ಬಾಯಿ ಬಿಡುವುದಿಲ್ಲ. ಆದರೆ ಕಾರ್ಡು ಬರೆಯುವವಳಿಗೆ ಹೇಳದೆ ವಿಧಿಯಿಲ್ಲ. ಆ ಕಾರ್ಡು ಬರೆಯುವವಳೇ ಗೇಸ್ಕೆ.

ಅವಳ ಮನೆಗೂ ನಮ್ಮ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಹಾಗಾಗಿ ಅವಳು ಕಾರ್ಡು ಬರೆಯುವಾಗ ತನ್ನ ಟ್ಯಾಬ್ಲೆಟ್ಟಿಗೆ ಬೈಯುವುದೆಲ್ಲ ನನಗೆ ಕೇಳಿಸುತ್ತದೆ. ಎಳೆಯ ವಯಸ್ಸಿನಲ್ಲಿ ಅವಳು ಊರಿನ ಪಿಂಗಾಣಿ ಕಾರ್ಖಾನೆಯೊಂದರಲ್ಲಿ ಟೈಲ್ಸ್ ಮೇಲೆ ನೀಲಿ ಹಡಗು, ನೀಲಿ ಹೂವು ಬರೆಯುತ್ತಿದ್ದಳು. ಗಂಡ ದೂಕೆ ಕಡಲಿನಾಚೆಯ ದ್ವೀಪಕ್ಕೆ ಲಾಂಚು ನಡೆಸಲು ಹೋದವನು ಅಲ್ಲೇ ಇನ್ನೊಬ್ಬಳ ಜೊತೆ ನೆಲೆ ನಿಂತ. ಆಗ ಮಗಳು ಹಿಸ್ಕೆ ಇನ್ನೂ ಶಾಲೆಗೆ ಹೋಗುತ್ತಿದ್ದಳು. ಗೇಸ್ಕೆ ಒಬ್ಬಳೇ ಅವಳನ್ನು ಸಾಕಿದಳು. ಮುಂದೆ ಭುಜ ಕೈಕೊಟ್ಟು ಕಾರ್ಖಾನೆಯ ಕೆಲಸ ನಿಂತಾಗ ಹಿಸ್ಕೆಯೇ ತನ್ನ ಹಳೆಯ ಟ್ಯಾಬ್ಲೆಟ್ ಮತ್ತು ಅದರ ಪೆನ್ನನ್ನು ತಂದುಕೊಟ್ಟಿದ್ದು. "ಹಡಗು ಬರೆದೂ ಬರೆದೂ ಸಾಕಾಗಿದೆ. ಬೆಂಕಿಗೆ ಹೋಗಿ ಬಂದಿದ್ದೆಲ್ಲ ಚಪ್ಪಟೆ. ಇನ್ಮೇಲೆ ನಾನು ಬರೆದಿದ್ದು ಮೇಲೆದ್ದು ನಿಲ್ಲಬೇಕು," ಎಂದು ಅವಳು ಅಂದಿದ್ದಳು.

ಅವಳ ಕಾರ್ಡುಗಳಲ್ಲಿ ಇರುವುದು ಒಂದೇ ಚಿತ್ರ. ಬೆಣ್ಣೆ ಸವರಿದ ದುಂಡನೆಯ ರಸ್ಕು, ಅದರ ಮೇಲೆ ಸಕ್ಕರೆ ಲೇಪಿಸಿದ ಸೋಂಪಿನ ಕಾಳು. ಬಾಣಂತಿಯನ್ನು ನೋಡಲು ಹೋದವರಿಗೆ ಇಲ್ಲಿ ಕೊಡುವುದೇ ಅದನ್ನು. ಹೆಣ್ಣು ಮಗುವಾದರೆ ಗುಲಾಬಿ ಕಾಳು, ಗಂಡಾದರೆ ನೀಲಿ ಕಾಳು, ಎರಡರಲ್ಲೂ ಬಿಳಿಯದು ಬೆರೆತಿರುತ್ತದೆ. ಆ ಕಾಳುಗಳನ್ನೇ ಜೋಡಿಸಿ ಗೇಸ್ಕೆ ಮಗುವಿನ ಹೆಸರು ಮೂಡಿಸುತ್ತಾಳೆ. ಬರೆಯುತ್ತಾಳೆ ಎಂದರೆ ಅವಳಿಗೆ ಸಿಟ್ಟು, ಎಬ್ಬಿಸುತ್ತಾಳೆ ಎನ್ನಬೇಕು. ಮೊದಲು ಒಂದು ಚಪ್ಪಟೆ ಚುಕ್ಕೆ. ಅದರ ಕೆಳಗಿನ ಪದರದಲ್ಲಿ, ಅಂದರೆ ಟ್ಯಾಬ್ಲೆಟ್ಟಿನೊಳಗೆ ಒಂದರ ಕೆಳಗೊಂದು ಇರುವ ಹಾಳೆಯಲ್ಲಿ, ಅದೇ ಚುಕ್ಕೆಯ ಕಪ್ಪು ನಕಲನ್ನು ಕೂದಲೆಳೆಯಷ್ಟು ಬಲಕ್ಕೆ, ಕೂದಲೆಳೆಯಷ್ಟು ಕೆಳಕ್ಕೆ ಸರಿಸಿ ಅಂಚನ್ನು ಮಬ್ಬು ಮಾಡಬೇಕು. ಮೇಲಿನ ಪದರದಲ್ಲಿ ಎಡಗಡೆ ನೆತ್ತಿಯ ಹತ್ತಿರ ಒಂದು ಬಿಳಿಯ ಹೊಳಪು ಇಡಬೇಕು. ಆಮೇಲೆ ಸಕ್ಕರೆಯ ತರಿತರಿ ತೋರುವ ಒರಟು ಕುಂಚವನ್ನು ಮೆಲ್ಲಗೆ ಆಡಿಸಬೇಕು. ಬೆಳಕು ಎಲ್ಲ ಕಾಳಿನ ಮೇಲೂ ಎಡ ಮೇಲ್ಗಡೆಯಿಂದಲೇ ಬೀಳಬೇಕು. ಒಂದು ಕಾಳಿಗೆ ಅದು ತಪ್ಪಿತೋ, ಆ ಕಾಳು ಉಬ್ಬುವ ಬದಲು ಗುಳಿ ಬಿದ್ದ ಹಾಗೆ ಕಾಣುತ್ತದೆ.

ಇಷ್ಟಕ್ಕೆ ಅವಳು ಪಡುವ ಪಾಡು ದೇವರಿಗೇ ಪ್ರೀತಿ. ಅಂಗೈ ತಾಗಿದರೆ ಚಿತ್ರ ಊದಿಕೊಂಡು ಪರದೆ ತುಂಬ ಒಂದೇ ಕಾಳು ಕುಳಿತುಬಿಡುತ್ತದೆ. ಅರ್ಧ ಹೆಸರು ಮುಗಿಯುವಷ್ಟರಲ್ಲಿ ಇನ್ನು ಪದರ ಹಾಕಲಾಗದು ಎಂದು ಟ್ಯಾಬ್ಲೆಟ್ ಮುಷ್ಕರ ಹೂಡುತ್ತದೆ. ಆಗ ಪದರಗಳನ್ನು ಒಂದಕ್ಕೊಂದು ಕೂಡಿಸಬೇಕು. ಕೂಡಿಸಿದ ಮೇಲೆ ತಪ್ಪು ಕಂಡರೆ ಮುಗಿಯಿತು, ಮೊದಲ ಕಾಳಿನಿಂದ ಮತ್ತೆ ಶುರು. "ನನ್ನ ಗಂಡನಿಗಿಂತ ಇದು ಪರವಾಗಿಲ್ಲ. ಚಾರ್ಜು ಇರೋವರೆಗಾದ್ರೂ ಮನೇಲಿ ಇರತ್ತೆ," ಎಂದು ಅವಳು ಒಮ್ಮೆ ಕಾಫಿಗೆ ಬಂದಾಗ ಹೇಳಿದ್ದಳು.

ಊರಿನ ಅಷ್ಟೂ ಬಸುರಿಯರ ಗುಟ್ಟು ಅವಳ ಹತ್ತಿರ ಇರುತ್ತದೆ. ಒಂದು ಹೆಸರೂ ಅವಳ ಬಾಯಿಂದ ಮುಂಚೆ ಹೊರಬಿದ್ದದ್ದಿಲ್ಲ. ಅದು ಅವಳ ಹೆಮ್ಮೆ. ಆದರೆ ಮಗು ಹುಟ್ಟಿ ಕಾರ್ಡು ಹಂಚಿದ ಮಾರನೆಯ ದಿನ ನೋಡಬೇಕು, ಕಟ್ಟಿದ್ದ ಕೆರೆ ಒಡೆದ ಹಾಗೆ ಅಭಿಪ್ರಾಯಗಳು ಹರಿಯುತ್ತವೆ. ಇದು ನಾಯಿಗೆ ಇಡುವ ಹೆಸರು, ಅದು ಔಷಧದ ಹೆಸರು, ಇನ್ನೊಂದನ್ನು ಕೂಗಿ ಕರೆದರೆ ಹಸು ಬಂದು ನಿಲ್ಲುತ್ತದೆ. ಇಲ್ಲಿನ ಜನ ಅನ್ನಿಸಿದ್ದನ್ನು ಮುಖಕ್ಕೇ ಹೇಳುವವರು, ಅದರಲ್ಲೂ ಗೇಸ್ಕೆಗೆ ಮುಖವೇ ಬಾಯಿ.

ಇಂಥವಳ ಮಗಳು ಬಸುರಿಯಾದಳು. ಹಿಸ್ಕೆಗೆ ಏಳು ತಿಂಗಳು ತುಂಬಿದಾಗ ಒಂದು ಬೆಳಿಗ್ಗೆ ಅವಳು ಸೈಕಲ್ ತುಳಿದುಕೊಂಡೇ ತಾಯಿಯ ಮನೆಗೆ ಬಂದಳು. ನಾನೂ ಅಲ್ಲೇ ಕಾಫಿ ಕುಡಿಯುತ್ತಿದ್ದೆ. ಈ ಸೀಮೆಯಲ್ಲಿ ಮಕ್ಕಳು ಹೆತ್ತವಳನ್ನು ನೀನು ಎನ್ನುವುದಿಲ್ಲ. ಎದುರಿಗೇ ಕೂತಿದ್ದರೂ ಮೆಮ್, ಅಂದರೆ ಅಮ್ಮ, ಎಂದು ಯಾರೋ ಮೂರನೆಯವರ ವಿಷಯ ಹೇಳುವ ಹಾಗೆ ಮಾತಾಡುತ್ತಾರೆ.

"ಮೆಮ್ ನಮ್ಮ ಕಾರ್ಡು ಬರೀತಾರಾ?" ಎಂದಳು ಹಿಸ್ಕೆ.

ಗೇಸ್ಕೆ ಆಗಲೇ ಪೆನ್ನು ಕೈಗೆತ್ತಿಕೊಂಡಿದ್ದಳು. "ಇನ್ಯಾರು ಬರೀತಾರೆ? ಹೆಸರು ಹೇಳು."

"ಹೆಸರಿನ ಜಾಗ ಖಾಲಿ ಬಿಡ್ಲಿ. ಅದನ್ನ ನಾವೇ ಹಾಕ್ಕೋತೀವಿ."

ಪೆನ್ನು ಮೇಜಿನ ಮೇಲೆ ಟಪ್ಪೆಂದು ಬಿತ್ತು. "ಖಾಲಿ ಜಾಗಕ್ಕೆ ನೆರಳು ಹೇಗೆ ಬರೆಯೋದು? ಬೇಕರಿಯವಳ ಮೊಮ್ಮಗನ ಹೆಸರು ನನಗೆ ಗೊತ್ತು. ಪಾದ್ರಿ ಮೊಮ್ಮಗಳ ಹೆಸರು ಗೊತ್ತು. ಊರಿಗೆಲ್ಲ ನಾನು ನಂಬಿಕಸ್ಥೆ, ನನ್ನ ಹೊಟ್ಟೇಲಿ ಹುಟ್ಟಿದವಳಿಗೆ ಮಾತ್ರ ಅಲ್ಲ, ಅಲ್ವಾ?"

"ಮೆಮ್ ಬಾಯಿ ಬಿಡಲ್ಲ, ಗೊತ್ತು. ಆದ್ರೆ ಹೆಸರು ಕೇಳಿದ ಕ್ಷಣ ಮೆಮ್ ಮುಖ ಒಂಥರಾ ಆಗತ್ತಲ್ಲ, ಅದನ್ನ ನೋಡಿಬಿಟ್ರೆ ಆ ಹೆಸರಲ್ಲಿ ಮಗೂನ ಕರೆಯೋಕೆ ನನ್ನ ಕೈಲಿ ಆಗಲ್ಲ."

"ನನ್ನ ಮುಖಕ್ಕೇನಾಗಿದೆ?" ಎಂದು ಗೇಸ್ಕೆ ನನ್ನ ಕಡೆ ತಿರುಗಿದಳು. ಆ ಹೊತ್ತಿಗೇ ಅದು ಹುಣಸೆಹಣ್ಣು ಕಚ್ಚಿದ ಹಾಗೆ ಆಗಿತ್ತು. ನಾನು ಬಿಸ್ಕತ್ತಿನ ಕಡೆ ನೋಡಿದೆ.

ಕಡೆಗೆ ಒಂದು ಒಪ್ಪಂದವಾಯಿತು, ಅದೂ ಹಿಸ್ಕೆಯ ಉಪಾಯ. ತಾಯಿ ಒಂದು ಹೆಸರಿನ ಬದಲು ಅಕ್ಷರಮಾಲೆ ಪೂರ್ತಿ ಬರೆದುಕೊಡುವುದು, ಬೇಕಾದ ಅಕ್ಷರಗಳನ್ನು ಮಗಳು ಆರಿಸಿ ಜೋಡಿಸಿಕೊಳ್ಳುವುದು. ಗಂಡೋ ಹೆಣ್ಣೋ ಅದನ್ನೂ ಹೇಳುವುದಿಲ್ಲವಾದ್ದರಿಂದ ಎಲ್ಲ ಕಾಳೂ ಬಿಳಿ.

"ಬಿಳಿ ಬೆಣ್ಣೆ ಮೇಲೆ ಬಿಳಿ ಕಾಳು! ಎಬ್ಬಿಸು ಗೇಸ್ಕೆ, ಎಬ್ಬಿಸು!" ಎಂದು ಮುಂದಿನ ದಿನಗಳಲ್ಲಿ ಗೋಡೆಯಾಚೆ ಕೇಳುತ್ತಲೇ ಇತ್ತು. ಯಾವ ಅಕ್ಷರದ ಪಕ್ಕ ಯಾವುದು ಬರುತ್ತದೋ ಗೊತ್ತಿಲ್ಲ. ಪಕ್ಕದ ಅಕ್ಷರದ ಮೇಲೆ ನೆರಳು ಎಷ್ಟು ಬೀಳಬೇಕೋ ಅದೂ ಗೊತ್ತಿಲ್ಲ. ಯಾರೂ ಇಡದ ಹೆಸರುಗಳಿಗೆಂದೇ ಇರುವ ಕ್ಯೂ, ಎಕ್ಸ್ ಅಕ್ಷರಗಳನ್ನೂ ಅವಳು ಬೈದುಕೊಂಡೇ ಎಬ್ಬಿಸಿದಳು. "ಮಗೂಗೆ ಏನು, ಗಣಿತದ ಹೆಸರಿಡ್ತಾರಾ?"

ಮುಗಿದ ಮೇಲೆ ನನಗೆ ತೋರಿಸಿದಳು. ನೋಡಿದ ಕೂಡಲೇ ನನಗೆ ನಗು ತಡೆಯಲಾಗಲಿಲ್ಲ. ಜಿ, ಇ, ಎಸ್, ಕೆ, ಈ ನಾಲ್ಕು ಅಕ್ಷರ ಎಣ್ಣೆಯಲ್ಲಿ ಬಿಟ್ಟ ಪೂರಿಯ ಹಾಗೆ ಉಬ್ಬಿ ನಿಂತಿದ್ದವು. ಒಂದೊಂದು ಕಾಳಿಗೂ ನೆರಳು, ಹೊಳಪು, ತರಿ. ಉಳಿದವೆಲ್ಲ ಬಿಟ್ಟಿ ಚಾಕರಿಯವು.

"ನಿನ್ನ ಹೆಸರಿನ ಅಕ್ಷರಗಳಿಗೆ ಮಾತ್ರ ಬೆಣ್ಣೆ ಜಾಸ್ತಿ ಬಿದ್ದಿದೆಯಲ್ಲೇ?" ಎಂದೆ. ಮಗುವಿಗೆ ಅಜ್ಜ ಅಜ್ಜಿಯ ಹೆಸರಿಡುವುದು ಇಲ್ಲಿಯೂ ಇದೆ.

ಅವಳ ಕಿವಿ ಕೆಂಪಾಯಿತು. "ನಿನ್ನ ಕಣ್ಣಿಗೆ ಕನ್ನಡಕ ಬೇಕು, ಯಾಯಾ." ಜಯಾ ಎಂದು ಕರೆಯಲು ಈ ಊರಿನಲ್ಲಿ ಯಾರಿಗೂ ನಾಲಿಗೆ ಹೊರಳುವುದಿಲ್ಲ.

"ಆಸೆ ಇದ್ರೆ ಇದೆ ಅನ್ನು. ತಪ್ಪೇನು?"

"ನನಗ್ಯಾಕೆ ಆಸೆ? ಅಜ್ಜಿಯಾದವಳನ್ನ ಇಲ್ಲಿ ಬೆಪ್ಪೆ ಅಂತಾರೆ. ನಿಮ್ಮ ಭಾಷೇಲಿ ಅದರ ಅರ್ಥ ಏನು ಅಂತ ನೀನೇ ಹೇಳಿದ್ದೀಯ. ಅದೇ ಸರಿಯಾಗಿದೆ ನನಗೆ." ಎಂದು ಟ್ಯಾಬ್ಲೆಟ್ ಮುಚ್ಚಿದಳು. ಹೆಸರು ತನ್ನದಾಗಿರಲಿ ಎಂಬ ಆಸೆ ಒಂದಾದರೆ, ಅದಕ್ಕಿಂತ ದೊಡ್ಡದು, ಮಗಳು ಅದನ್ನು ಮೊದಲು ತನ್ನ ಬಳಿ ಹೇಳಲಿ ಎನ್ನುವುದು. ಹಿತ್ತಲ ಗಿಡ ಮದ್ದಲ್ಲ ಎಂಬ ಹಾಗೆ ಮಗಳು ತನ್ನನ್ನು ಆಚೆ ಇಟ್ಟದ್ದು ಅವಳನ್ನು ಒಳಗೊಳಗೇ ಕೊರೆಯುತ್ತಿತ್ತು.

ಹೆರಿಗೆಗೆ ಇನ್ನು ಕೆಲವೇ ವಾರ ಇರುವಾಗ ಹಿಸ್ಕೆ ಜೋಡಿಸಲು ಬಂದಳು. ಈ ಸಲ ಸೈಕಲ್ ತಳ್ಳಿಕೊಂಡು. ಟ್ಯಾಬ್ಲೆಟ್ ಜೊತೆ ಮುಂದಿನ ಕೋಣೆಯಲ್ಲಿ ಕುಳಿತಳು. ಗೇಸ್ಕೆಯನ್ನೂ ನನ್ನನ್ನೂ ಅಡುಗೆಮನೆಗೆ ಅಟ್ಟಿ, ಕಿಟಕಿಯ ಕಡೆ ಮುಖ ಮಾಡಿ ಕೂರಬೇಕೆಂದು ಅಪ್ಪಣೆ ಕೊಟ್ಟಳು. ಶಾಲೆಯಲ್ಲಿ ತಪ್ಪು ಮಾಡಿದ ಮಕ್ಕಳ ಹಾಗೆ ಇಬ್ಬರೂ ಕಿಟಕಿ ಕಡೆ ತಿರುಗಿ ಕೂತೆವು. ಸ್ವಲ್ಪ ಹೊತ್ತಿಗೇ ಕೂಗು ಬಂತು.

"ಮೆಮ್! ಎರಡು ಅಕ್ಷರ ಮೇಲೇಳ್ತಾನೇ ಇಲ್ಲ. ಉಳಿದಿದ್ದು ಚೆನ್ನಾಗಿ ನಿಂತಿವೆ. ಇವೆರಡು ಮಾತ್ರ ಒದ್ದೆ ಕಾಗದದ ಥರ ಮಲಗಿವೆ."

ಗೇಸ್ಕೆ ನನ್ನ ಕಡೆ ನೋಡಲಿಲ್ಲ.

"ನೆರಳು ಹಾಕು!" ಎಂದು ಅವಳು ಕಿಟಕಿಗೆ ಹೇಳಿದಳು. "ಬೆಳಕು ಎಲ್ಲಿಂದ ಬರತ್ತೆ?"

"ಎಡಗಡೆಯಿಂದ!"

"ಎಡ ಮೇಲ್ಗಡೆಯಿಂದ! ಬರೀ ಎಡದಿಂದ ಬರೋಕೆ ಅದೇನು ಯಾಯಾ ಮನೆ ಬಲ್ಬಾ?"

"ಹಾಕ್ದೆ. ಈಗ ಅಕ್ಷರಾನೂ ನೆರಳಿನ ಜೊತೆಗೇ ಓಡ್ತಿದೆ!"

"ಯಾವ ಪದರ ಮುಟ್ಟಿದೀಯ?"

"ಎಲ್ಲಾನೂ ಒಂದೇ ಥರ ಇವೆ! ಒಂದಕ್ಕಾದ್ರೂ ಹೆಸರಿಟ್ಟಿದ್ದಾರಾ ಮೆಮ್?"

"ನಾನ್ಯಾಕೆ ಹೆಸರಿಡ್ಲಿ? ಈ ಮನೇಲಿ ಹೆಸರಿನ ವಿಷಯ ನನಗೆ ಸಂಬಂಧವೇ ಇಲ್ವಲ್ಲ!"

ಹೀಗೇ ನಡೆಯಿತು. ಮಬ್ಬು ಮಾಡು ಎಂದರೆ ಅವಳು ಅಕ್ಷರವನ್ನೇ ಮಬ್ಬು ಮಾಡಿದಳು. ಹೊಳಪು ಇಡು ಎಂದರೆ ಬಲಗಡೆ ಇಟ್ಟಳು, ಅಕ್ಷರ ಗುಳಿ ಬಿತ್ತು. ಹಿಂದೆ ಹೋಗು ಎಂದರೆ ತುಂಬಾ ಹಿಂದೆ ಹೋಗಿ ರಸ್ಕೇ ಮಾಯವಾಯಿತು. ಗೇಸ್ಕೆ ಎದ್ದು ನಿಂತು ಸಿಂಕಿಗೆ, ನಲ್ಲಿಗೆ, ಕಿಟಕಿಯಾಚೆಯ ಬೆಕ್ಕಿಗೆ ಪಾಠ ಹೇಳುತ್ತಿದ್ದಳು. ಕಲಿಯಬೇಕಾದವಳು ಬೆನ್ನ ಹಿಂದೆ ಅಳುವ ಹಂತಕ್ಕೆ ಬಂದಿದ್ದಳು. ನನಗಂತೂ ತಲೆ ಕಾದು, ಈ ಜನಕ್ಕೆ ಮಗುವನ್ನು ಪಾಪು ಎಂದು ಕರೆದುಕೊಂಡು ಆರಾಮಾಗಿ ಇರಲು ಏನು ಕಷ್ಟ ಎನಿಸಿತು.

ಒಮ್ಮೆಲೇ ಮುಂದಿನ ಕೋಣೆಯಲ್ಲಿ ಪೆನ್ನು ನೆಲಕ್ಕೆ ಬಿದ್ದ ಸದ್ದಾಯಿತು.

"ನನ್ನ ಕೈಲಾಗಲ್ಲ. ನೀನೇ ಬಾ."

ನೀನು ಎಂದಿದ್ದಳು. ಅಷ್ಟು ವರ್ಷದಲ್ಲಿ ಹಿಸ್ಕೆಯ ಬಾಯಲ್ಲಿ ತಾಯಿಗೆ ಆ ಮಾತು ಬಂದದ್ದನ್ನು ನಾನು ಕೇಳಿರಲಿಲ್ಲ. ಗೇಸ್ಕೆ ನಲ್ಲಿಯ ಕಡೆಯಿಂದ ತಿರುಗಿದಳು. ಪಾತ್ರೆ ಒರೆಸುವ ಬಟ್ಟೆ ತೆಗೆದುಕೊಂಡು ಮುಖವನ್ನು ಗಸಗಸ ಒರೆಸಿಕೊಂಡಳು.

"ನನ್ನ ಮುಖದ ಮೇಲೆ ಏನಾದ್ರೂ ಇದೆಯಾ?" ಎಂದು ಪಿಸುಗುಟ್ಟಿದಳು.

"ಮೂಗಿದೆ. ಹೋಗು," ಎಂದೆ.

ಅವಳು ಹೋದಳು, ಬಾಗಿಲು ಮುಚ್ಚಿತು. ನಾನು ಕಿವಿ ಕೊಟ್ಟು ಕೂತೆ. ತಗ್ಗಿದ ದನಿಯಲ್ಲಿ ಒಂದೆರಡು ಮಾತು, ಆಮೇಲೆ ಬೈಗುಳವಿಲ್ಲ, ನಗುವಿಲ್ಲ. ಮಾಡಿಟ್ಟ ಕಾಫಿ ಆರಿ ತಣ್ಣಗಾಯಿತು. ಬಹಳ ಹೊತ್ತಿನ ಮೇಲೆ ಗೇಸ್ಕೆ ಹೊರಗೆ ಬಂದು ಆ ತಣ್ಣನೆಯ ಕಾಫಿಯನ್ನೇ ನಿಂತುಕೊಂಡು ಕುಡಿದಳು.

"ಏನು ಹೆಸರು?"

"ಬೆಳಕು ತಪ್ಪಿತ್ತು. ಸರಿ ಮಾಡ್ದೆ."

"ಅಯ್ಯೋ, ಬೆಳಕು ಹಾಳಾಗ್ಲಿ. ಹೆಸರು ಏನು?"

"ಮನೆಗೆ ಹೋಗು, ಯಾಯಾ."

ನನಗೆ ಹೊಟ್ಟೆ ಉರಿಯಿತು. ಮೂರು ವಾರ ನಾನು ಬಿಡದೆ ಕೇಳಿದೆ, ಅವಳು ಬಿಡದೆ ಬಾಯಿ ಮುಚ್ಚಿದಳು. ಚೆನ್ನಾಗಿ ನಿಂತಿರುವ ಅಕ್ಷರಗಳು ಎಂದರೆ ಅವಳ ಹೆಸರಿನವೇ ಇರಬೇಕು ಎಂದು ನಾನು ಲೆಕ್ಕ ಹಾಕಿದ್ದೆ. ನನ್ನ ಪ್ರಕಾರ ಮಗುವಿಗೆ ಅವಳದೇ ಹೆಸರು, ಇಲ್ಲವೇ ಅದಕ್ಕೆ ಹತ್ತಿರದ್ದು. ಖುಷಿ ಹೊರಗೆ ಹಾಕಲಾರದೆ ಬಿಗಿದುಕೊಂಡಿದ್ದಾಳೆ ಎಂದುಕೊಂಡೆ. ದಾರಿಯಲ್ಲಿ ಸಿಕ್ಕಾಗ ಕಣ್ಣು ಮಿಟುಕಿಸಿದೆ. ಒಂದು ದಿನ ಬಾಯಿಬಿಟ್ಟೇ ಹೇಳಿದೆ, "ನಿನ್ನ ಹೆಸರು ಉಳೀತಲ್ಲೇ, ಸಂತೋಷ." ಅವಳು ನನ್ನನ್ನು ಒಂದು ಥರ ನೋಡಿ, ಗಾಳಿ ಜಾಸ್ತಿಯಾಗಿದೆ ಎಂದಳು. ಈ ಊರಿನಲ್ಲಿ ಗಾಳಿ ಯಾವ ದಿನ ಕಡಿಮೆ ಇತ್ತು? ಗೋಡೆಯಾಚೆ ಬೈಗುಳ ನಿಂತುಹೋಗಿತ್ತು, ಅದೇ ನನಗೆ ನಿಜವಾಗಿ ಕಿರಿಕಿರಿ.

ಮಗು ಹುಟ್ಟಿತು. ಕಾರ್ಡು ಬಾಗಿಲ ಸಂದಿನಿಂದ ಒಳಗೆ ಬಿತ್ತು. ಕಾಳುಗಳಿಗೆ ಈಗ ನೀಲಿ ಬಣ್ಣ ಬಂದಿತ್ತು, ಗಂಡು ಮಗು. ರಸ್ಕಿನ ಮೇಲೆ ಹೆಸರು ಓದಿದೆ. ದೂಕೆ.

ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಬಿಟ್ಟುಹೋದ ಗಂಡನ ಹೆಸರು. ಇಲ್ಲಿ ಅದನ್ನು ಡಿ, ಓ, ಇ, ಕೆ, ಇ ಎಂದು ಬರೆಯುತ್ತಾರೆ, ಕೊನೆಯ ಮೂರು ಗೇಸ್ಕೆಯ ಹೆಸರಿನಲ್ಲೂ ಇರುವವೇ, ಮೊದಲ ಎರಡು ಡಿ ಮತ್ತು ಓ. ಅವೇ ಆ ಮಲಗಿದ್ದ ಎರಡು. ಈಗ ಅವು ಎಲ್ಲಕ್ಕಿಂತ ಎತ್ತರವಾಗಿ, ಒಂದೊಂದು ಕಾಳೂ ಬಿಡಿಸಿ ತೆಗೆಯಬಹುದು ಎನ್ನುವಷ್ಟು ತುಂಬಿ ನಿಂತಿದ್ದವು. ಗೇಸ್ಕೆಯ ಕೈಯಿಂದ ಇಷ್ಟು ಚೆಂದದ ಅಕ್ಷರ ಬಂದದ್ದನ್ನು ನಾನು ಹಿಂದೆ ನೋಡಿರಲಿಲ್ಲ.

ಆ ದಿನ ಬಾಗಿಲ ಹಿಂದೆ ಏನು ನಡೆಯಿತೆಂದು ಹಿಸ್ಕೆ ಆಮೇಲೆ ನನಗೆ ಹೇಳಿದಳು. ತಾಯಿ ಪರದೆ ನೋಡಿ, "ಇದೇನಾ?" ಎಂದಳಂತೆ. "ಇದೇ. ಅವನು ನಿನಗೆ ಏನೇ ಮಾಡಿರ್ಲಿ, ನನಗೆ ಅಪ್ಪ. ಚಳಿಗಾಲದಲ್ಲಿ ನನ್ನ ಕೈ ಹಿಡ್ಕೊಂಡು ಕಾಲುವೆ ಐಸ್ ಮೇಲೆ ನಡೆಸಿದವನು," ಎಂದಳಂತೆ ಮಗಳು. ಗೇಸ್ಕೆ ಆ ಎರಡು ಅಕ್ಷರಗಳನ್ನು ಪೂರ್ತಿ ಅಳಿಸಿ, ಪಕ್ಕದಲ್ಲಿ ಕುಳಿತು ಮೊದಲ ಕಾಳಿನಿಂದ ಹೊಸದಾಗಿ ಎಬ್ಬಿಸಿದಳು. ಅಷ್ಟೂ ಹೊತ್ತು ಹಿಸ್ಕೆ ಪರದೆ ನೋಡದೆ ತಾಯಿಯ ಮುಖವನ್ನೇ ನೋಡುತ್ತಿದ್ದಳಂತೆ. ಅಲ್ಲಿ ಏನೂ ಕಾಣಿಸಲಿಲ್ಲ, ಕಾಣದಿರುವಂತೆ ಮಾಡಲು ಮೆಮ್ ಎಷ್ಟು ಕಷ್ಟಪಟ್ಟರು ಅನ್ನುವುದು ಮಾತ್ರ ಕಂಡಿತು ಎಂದಳು.

ಬಾಣಂತಿ ನೋಡಲು ನಾನು ಹೋದ ದಿನ ನಮ್ಮ ಬೀದಿ ಕೊನೆಯ ಮನೆಯ ಔಕ್ಯೆಯೂ ಬಂದಿದ್ದಳು. ಗೇಸ್ಕೆ ರಸ್ಕುಗಳಿಗೆ ಬೆಣ್ಣೆ ಸವರಿ ನೀಲಿ ಕಾಳು ಉದುರಿಸುತ್ತಿದ್ದಳು. ಹಿಸ್ಕೆ ಮಂಚದ ಮೇಲೆ ಮಗುವನ್ನು ಎದೆಗೊರಗಿಸಿಕೊಂಡಿದ್ದಳು. ಔಕ್ಯೆ ತೊಟ್ಟಿಲ ಮೇಲೆ ಅಂಟಿಸಿದ ಕಾರ್ಡು ನೋಡಿ ಹುಬ್ಬೇರಿಸಿದಳು.

"ದೂಕೆ? ಅಲ್ಲ ಗೇಸ್ಕೆ, ಆ ಓಡಿಹೋದವನ ಹೆಸರಾ? ಊರಲ್ಲಿ ಬೇರೆ ಹೆಸರಿಗೆ ಬರ ಬಂದಿತ್ತಾ?"

ಹಿಸ್ಕೆ ತಾಯಿಯ ಕಡೆ ನೋಡಿದಳು. ನಾನೂ ನೋಡಿದೆ. ಬೇರೆಯವರ ಮನೆಯ ಮಗುವಾಗಿದ್ದರೆ ಇದೇ ಮಾತನ್ನು ಗೇಸ್ಕೆಯೇ ಆಡುತ್ತಿದ್ದಳು, ಇದಕ್ಕಿಂತ ಖಾರವಾಗಿ.

ಗೇಸ್ಕೆ ರಸ್ಕಿನ ತಟ್ಟೆಯನ್ನು ಔಕ್ಯೆಯ ಮಡಿಲಲ್ಲಿ ಇಟ್ಟಳು. "ಇದು ಈಗ ಇವನ ಹೆಸರು. ಓಡಿಹೋಗೋಕೆ ಇವನಿಗೆ ಇನ್ನೂ ನಡೆಯೋಕೇ ಬರಲ್ಲ. ತಿನ್ನು, ಕಾಳು ಚೆಲ್ತಿದೆ."

ಔಕ್ಯೆ ತಿಂದಳು. ರಸ್ಕು ತಿನ್ನುವಾಗ ಮಾತಾಡಲು ಯಾರಿಗೂ ಆಗುವುದಿಲ್ಲ, ಅದು ಆ ತಿಂಡಿಯ ದೊಡ್ಡ ಗುಣ. ಅವಳು ಕೈ ಒರೆಸಿಕೊಂಡು ಹೋದ ಮೇಲೆ ಹಿಸ್ಕೆ ಮಗುವನ್ನು ತಾಯಿಯ ತೋಳಿಗೆ ಕೊಟ್ಟಳು.

"ಮುಂದಿನ ಮಗು ಹೆಸರು ಮೊದಲು ನಿನಗೇ ಹೇಳ್ತೀನಿ," ಎಂದಳು.

"ಬೇಡಮ್ಮಾ, ಬೇಡ," ಎಂದಳು ಗೇಸ್ಕೆ. ಮಗು ಅವಳ ಬೆರಳು ಹಿಡಿದುಕೊಂಡಿತ್ತು. "ನೀನು ಒಂಬತ್ತು ತಿಂಗಳು ಹೊತ್ತೆ. ನಾನು ಹೊತ್ತಿದ್ದು ಮೂರೇ ವಾರ. ಸಾಕಾಗಿ ಹೋಯ್ತು ನನಗೆ."